ರೊಟ್ಟಿ ಬುಟ್ಟಿಯಡಿ ಗಂಡು ಬಾತು

ರೊಟ್ಟಿ ಬುಟ್ಟಿಯನ್ನು ಬೋರಲು ಹಾಕಿ ಗಂಡು ಬಾತುಕೋಳಿಯನ್ನು ಮುಚ್ಚಿಬಿಟ್ಟೆ. ಮೇಲೊಂದು ಕಲ್ಲನ್ನೂ ಇಟ್ಟೆ. ಅದು ಒಳಗಿನಿಂದಲೇ ಗೊರಗೊರ ಅನ್ನತೊಡಗಿತು. ನಮ್ಮ ಹೆಣ್ಣು ಬಾತುಗಳಲ್ಲಿ ಒಂದರ ಕುತ್ತಿಗೆಯ ಪುಕ್ಕವನ್ನೆಲ್ಲ ಕಿತ್ತು ಬೋಳು ಮಾಡಿತ್ತು ಅದು. ಬೆಳಗ್ಗೆ ರೈಲ್ವೆ ಕಾರ್ಖಾನೆಯ ಸೈರನ್, ಅದೇ ಭೋಂಗಾ, ಕೂಗಿದಾಗಿನಿಂದ ಕೋಲು ಹಿಡಿದು ಬಿಡಿಸಿ ಬಿಡಿಸಿ ನನಗೆ ಸಾಕಾಗಿತ್ತು. ಹಳೇ ಹುಬ್ಬಳ್ಳಿಯ ನಮ್ಮ ಹಿತ್ತಲಿನಲ್ಲಿ ಇನ್ನಾದರೂ ಜಗಳ ನಿಂತೀತು ಎಂದುಕೊಂಡು, ತೌಡು ಕಲಸಿದ ಬೋಗುಣಿ ಇಟ್ಟು ಕಟ್ಟೆಯ ಮೇಲೆ ಕುಳಿತೆ.

ಬೋಳು ಕುತ್ತಿಗೆಯದೇ ಮೊದಲು ಬಂತು. ನಿಶ್ಚಿಂತೆಯಿಂದ ಒಂದಿಷ್ಟು ತಿಂದಿತು. ಆಮೇಲೆ, ಪಕ್ಕಕ್ಕೆ ಬಂದ ಚಿಕ್ಕ ಬಾತಿನ ಕುತ್ತಿಗೆಯನ್ನು ಕಚ್ಚಿ ಎಳೆಯಿತು. ತನಗೆ ಪುಕ್ಕ ಹೋಗಿದ್ದ ಅದೇ ಜಾಗದಲ್ಲಿ!

ಇನ್ನೊಂದು ಬುಟ್ಟಿ ತರಲು ಎದ್ದೆ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಎಷ್ಟಕ್ಕಂತ ಬುಟ್ಟಿ ಮುಚ್ಚತೀ ನನ್ನವ್ವಾ? ನಾಳಿಗೆ ರೊಟ್ಟಿ ಯಾತರಾಗ ಇಡೂದು?”

ಕಲ್ಲು ತೆಗೆದು ಬುಟ್ಟಿ ಎತ್ತಿಬಿಟ್ಟೆ. ಈಗ ಎರಡೂ ಹೊತ್ತು ಬಾತುಗಳ ನಡುವೆ ಕೋಲು ಹಿಡಿದು ನಾನೇ ಕೂರುತ್ತೇನೆ. ಅವು ತಿಂದು ಮುಗಿಸುವಷ್ಟರಲ್ಲಿ ನನ್ನ ರೊಟ್ಟಿ ಆರಿ ಹೋಗಿರುತ್ತದೆ. ಅದರ ಮೇಲೆ ಮಾತ್ರ ಅತ್ತೆ ಮರೆಯದೆ ಬುಟ್ಟಿ ಮುಚ್ಚಿರುತ್ತಾರೆ.