ಲಾಡಿ ಹಾಕಿದ ಪ್ಯಾಂಟು

ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ ಹಳೆಯ ಗಂಟೊಂದರಲ್ಲಿ ಬೂದು ಬಣ್ಣದ ಟೆರಿಕಾಟ್ ಪ್ಯಾಂಟು ಸಿಕ್ಕಿತು. ಹೊಲಿಗೆ ಗೆರೆ ಎಳೆದಂತಿದೆ. ಆದರೆ ಜೇಬಿಲ್ಲ, ಬೆಲ್ಟಿಗೆ ಪಟ್ಟಿಯಿಲ್ಲ. ಸೊಂಟಕ್ಕೆ ಪೈಜಾಮದ ಹಾಗೆ ಲಾಡಿ! ಒಬ್ಬನೇ ನಿಂತು ನಕ್ಕೆ. ಹೊಲಿದವನ ಮುಖ ಕಣ್ಣ ಮುಂದೆ ಬಂತು...

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದಾವಣಗೆರೆಯಲ್ಲಿ ಸೂಜಿ ಹಿಡಿದವನು. ಆಮೇಲೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಮಹಡಿ ಮೇಲೆ, ಯಾರ ಹಂಗೂ ಇಲ್ಲದೆ ಅಂಗಡಿ ಮಾಡಿದೆ. ಈ ಪ್ಯಾಂಟು ಹೊಲಿದವನನ್ನು ಇಡೀ ಪೇಟೆ ಅಣ್ಣ ಎನ್ನುತ್ತಿತ್ತು, ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಅಂಗಡಿಗಳಿಂದ ಮಾಮೂಲು ಎತ್ತುವುದು, ಹೊಡೆದು ಬಡಿದು ಸೈಟು ಖಾಲಿ ಮಾಡಿಸುವುದು ಅವನ ಗ್ಯಾಂಗಿನ ಕಸುಬು. ಚಹಾ ತಣ್ಣಗಿದೆ ಎಂದು ಹೋಟೆಲಿನ ಬೆಂಚನ್ನೇ ರಸ್ತೆಗೆ ಎಸೆದ ಮನುಷ್ಯ. ಹುಟ್ಟಿದ್ದು ಬಳ್ಳಾರಿ, ಹಾಗಾಗಿ ನನ್ನೊಡನೆ ಕನ್ನಡ.

ವಿಶಾಖಪಟ್ಟಣದ ಜೈಲಿನಲ್ಲಿ ನಾಲ್ಕು ವರ್ಷ ಕಳೆದು ಬಂದ ವಾರವೇ ನನ್ನ ಮೆಟ್ಟಿಲು ಹತ್ತಿದ. ಮಾಮೂಲಿಗೆ ಬಂದನೆಂದು ಎದ್ದು ನಿಂತೆ. ಅವನು ಹೋಗಿ ಖಾಲಿ ಮಿಷನ್ ಮುಂದೆ ಕೂತ.

"ಮಾಸ್ಟ್ರೇ, ಒಳಗ ಹೊಲಿಯೋದು ಕಲ್ತೀನಿ. ಹಳೇ ಮಂದಿ ಕರಿಯಾಕ ಹತ್ಯಾರ. ಇಲ್ಲಿ ಕುಂತ್ರ ಹೋಗೋದು ತಪ್ತದ."

"ಕೂತ್ಕೋ. ಆದ್ರೆ ಈ ಅಂಗಡೀಲಿ ಕೂಗಾಡೋನು ನಾನೊಬ್ನೇ, ತಿಳೀತಾ?"

ಕಣ್ಣು ಕೆಂಪಗೆ ಮಾಡಿದ. ಆಮೇಲೆ "ಆತಪಾ" ಎಂದು ಸೂಜಿಗೆ ದಾರ ಪೋಣಿಸಿದ.

ಮೈಸೂರಿನಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಸಾಹೇಬರೊಬ್ಬರ ಪ್ಯಾಂಟಿನ ಬಟ್ಟೆಯನ್ನು ಮೊದಲು ಅವನ ಕೈಗೆ ಕೊಟ್ಟೆ. ನಾಲ್ಕು ವರ್ಷ ಖೈದಿಗಳ ಬಟ್ಟೆಯನ್ನೇ ಹೊಲಿದ ಕೈ... ಜೈಲಿನಲ್ಲಿ ಜೇಬೂ ಇಲ್ಲ, ಬೆಲ್ಟೂ ಇಲ್ಲ; ಇಲ್ಲೂ ಅದೇ ಲಾಡಿ. ಸಾಹೇಬರು ತೊಟ್ಟು, ಕೈ ಇಡಲು ಜಾಗ ಹುಡುಕಿದರು.

"ಜೇಬು..."

"ಜೇಬ್ಯಾಕ್ರೀ ಸಾರ್?" ಎಂದು ಇವನು ಎದ್ದು ನಿಂತ.

"ಬೇಡ ಬೇಡ! ಹೀಗೇ ಹಗುರವಾಗಿದೆ" ಎಂದ ಸಾಹೇಬರು, ಹಳೆಯದನ್ನೇ ತೊಟ್ಟು, ಹೊಸದನ್ನು ಅಲ್ಲೇ ಬಿಟ್ಟು ಇಳಿದು ಓಡಿದರು. ನನಗೆ ನಗು ತಡೆಯಲಿಲ್ಲ. ಅವನು ಕತ್ತರಿ ಎತ್ತಿದ. ಪ್ಯಾಂಟು ನೋಡಿದ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸಾಹೇಬರಿಗೆ ನಾನೇ ಬೇರೆ ಹೊಲಿದುಕೊಟ್ಟೆ.

ಮೂರು ತಿಂಗಳಲ್ಲಿ ಕಾಲರು, ಗುಂಡಿಯ ಕಾಜಾ ಎಲ್ಲ ಕಲಿತ. ಸಿಟ್ಟು ಬಂದಾಗ ಬಟ್ಟೆಯಿಲ್ಲದೆ ಮಿಷನ್ ತುಳಿಯುತ್ತಿದ್ದ, ನೆಲವೇ ನಡುಗುತ್ತಿತ್ತು. ಸಿಟ್ಟು ಇಳಿದ ಮೇಲೆ ಕೆಲಸಕ್ಕೆ ಕೈ ಹಾಕುತ್ತಿದ್ದ.

ಒಂದು ಮಧ್ಯಾಹ್ನ ಹಳೆಯ ಗ್ಯಾಂಗಿನವನೊಬ್ಬ ಬಂದ. ಇಬ್ರಾಹಿಂಪಟ್ನಂ ಕಡೆ ಜಾಗದ ತಕರಾರಂತೆ, ಅಣ್ಣ ಬಂದು ನಿಂತರೆ ಸಾಕಂತೆ. "ಏಮನ್ನಾ, ಲಂಗ ಹೊಲಿಯೋಕೆ ಕೂತ್ಬಿಟ್ಟೆಯಾ?" ಎಂದು ತೆಲುಗಿನಲ್ಲಿ ಕೆಣಕಿದ. ಇವನು ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟ. ಕತ್ತಲಾಗುವವರೆಗೂ ಬರೀ ಮಿಷನ್ ತುಳಿದ. ಮರುದಿನ ಬರಲಿಲ್ಲ...

ಹತ್ತು ದಿನದ ಮೇಲೆ ಬಂದ. ಕತ್ತಿನಲ್ಲಿ ಚಿನ್ನದ ಸರ, ಕಂಕುಳಲ್ಲಿ ಬಿಳಿ ಬಟ್ಟೆ.

"ಎರಡು ಶರ್ಟು ಮಾಸ್ಟ್ರೇ. ಅಳತಿ ತಗೊಳ್ರಿ."

"ಯಾವ ಕೆಲ್ಸಕ್ಕೆ ಹಾಕ್ತೀಯ?"

ಸರವನ್ನು ಅಂಗಿಯೊಳಗೆ ತಳ್ಳಿದ.

"ಆ ಕೆಲ್ಸಕ್ಕೆ ನಾನು ಹೊಲಿಯಲ್ಲ. ಎತ್ಕೊಂಡ್ ಹೋಗು."

ಬೆಂಚು ಹಾರುತ್ತದೆ ಎಂದುಕೊಂಡೆ. ಅವನು ಬಟ್ಟೆಯನ್ನು, ನಾನು ಕಲಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಚಿ, ಮೆಟ್ಟಿಲಿಳಿದು ಹೋದ. ವರ್ಷ ತುಂಬುವುದರೊಳಗೆ ವಿಶಾಖಪಟ್ಟಣದಲ್ಲಿ, ಗ್ಯಾಂಗುಗಳ ಹೊಡೆದಾಟದಲ್ಲಿ ತೀರಿಕೊಂಡನೆಂದು ಸುದ್ದಿ ಬಂತು.

ಆ ದಿನ ನಾನಾಡಿದ ಮಾತಿಗೆ ನಾನೇ ಬೀಗಿದ್ದೆ. ಈಗ ಗಿರಾಕಿಯ ಹೆಗಲಿಗೆ ಟೇಪು ಹಿಡಿದಾಗ ಬೇರೆಯೇ ಅನಿಸುತ್ತದೆ. ಸುಮ್ಮನೆ ಅಳತೆ ತೆಗೆದುಕೊಂಡಿದ್ದರೆ, ಟ್ರಯಲ್‌ಗೆ ಒಂದು ಸಲ, ಶರ್ಟು ಒಯ್ಯಲು ಇನ್ನೊಂದು ಸಲ ಅವನು ಮೇಲೆ ಬರಲೇಬೇಕಿತ್ತು. ಒಂದು ಸಲವಾದರೂ ಮಿಷನ್ ಮುಂದೆ ಕೂರಿಸಿಕೊಳ್ಳುತ್ತಿದ್ದೆನೇನೋ...