ಎರಡು ಬಾಯಲ್ಲಿ ಓದಿಸುತ್ತಿದ್ದ ಅಜ್ಜ

ಅಜ್ಜನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಕುರಿಯ ಹಿಂದೆ ಓಡುವಾಗ ಜಾಲಿಮುಳ್ಳು ಗೀರಿ ರೆಪ್ಪೆ ಜೋತುಬಿದ್ದಿತ್ತಂತೆ. ಎದುರು ನಿಂತವರಿಗೆ ಈ ಮುಳ್ಳಿನ ಕತೆ ಗೊತ್ತಿರಬೇಕಲ್ಲ? ‘ಈ ಮುದುಕ ನನ್ನ ಮಾತು ನಂಬುತ್ತಿಲ್ಲ’ ಅಂತಲೇ ಅವರಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದೇನೂ ಸುಳ್ಳಲ್ಲ. ಅವನು ನಿಜವಾಗಿಯೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯಿಂದ ಒಂದು ದಿನಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ, ಅದರ ಮುಂದಿನ ಮೂಲೆಯಲ್ಲಿ ನನ್ನದೊಂದು ಮೇಜು. ಜನ ‘ಪೇಪರ್ ಮೇಷ್ಟ್ರು’ ಅನ್ನುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಅಜ್ಜ ದೊಡ್ಡಉಳ್ಳಾರ್ತಿ ಕಡೆಯ ಕುರಿಗಾಹಿ. ಅಕ್ಷರ ಬರದು, ಆದರೆ ಪೇಪರಿನ ಹುಚ್ಚು. ಸಂತೆಗೆ ಬಂದಾಗಲೆಲ್ಲ ಮೊದಲು ಕ್ಷೌರದಂಗಡಿಗೆ ಹೋಗಿ ಒಂದು ಸುದ್ದಿ ಓದಿಸಿಕೊಳ್ಳುತ್ತಿದ್ದ. ಆಮೇಲೆ ಅದೇ ಪೇಪರನ್ನು ಸೈಕಲ್ ಶಾಪಿನ ಸಾಬರ ಕೈಗೆ ಕೊಟ್ಟು, ಅದೇ ಸುದ್ದಿಯನ್ನು ಮತ್ತೆ ಓದಿಸುತ್ತಿದ್ದ. ಎರಡೂ ತಾಳೆಯಾದರೆ ‘ಹ್ಞೂಂ’ ಎಂದು ಕಂಬಳಿ ಕೊಡವಿ ಎದ್ದುಹೋಗುತ್ತಿದ್ದ. ತಾಳೆಯಾಗದಿದ್ದರೆ ನೇರ ನನ್ನ ಮೇಜಿಗೆ.

“ಒಬ್ರು ಓದಿದ್ರೆ ಸಾಲಲ್ವೇನಜ್ಜಾ?” ಎಂದು ಒಮ್ಮೆ ರೇಗಿದ್ದೆ.

“ಓದೋನು ತನ್ದೂ ನಾಕು ಮಾತು ಸೇರಿಸಿ ಓದಿದ್ರೆ ನಂಗೆ ಹೆಂಗ್ ಗೊತ್ತಾಗ್ಬೇಕಪ್ಪಾ?” ಎಂದ. ಅವನ ಅನುಮಾನದಲ್ಲಿ ತಪ್ಪಿರಲಿಲ್ಲ. ಕ್ಷೌರದಂಗಡಿಯವನು ಚುನಾವಣೆಯ ಕಾಲದಲ್ಲಿ ತನ್ನ ಇಷ್ಟದವರನ್ನು ಓದುತ್ತ ಓದುತ್ತಲೇ ಗೆಲ್ಲಿಸಿಬಿಡುತ್ತಿದ್ದ.

ರೇಡಿಯೋ ಕಂಡರೆ ಅಜ್ಜನಿಗೆ ಆಗದು. “ಅದು ಹೇಳ್ಕಂಡು ಹೋಗ್ತೈತೆ. ತಿರುಗಿ ಕೇಳಿದ್ರೆ ಉತ್ರ ಕೊಡ್ತೈತಾ?” ಎನ್ನುತ್ತಿದ್ದ. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಮೊಳಕಾಲ್ಮೂರಿನ ಆಚೆ ಹೋದರೆ ಅಲ್ಲಿ ತೆಲುಗು ಪೇಪರನ್ನೂ ಓದಿಸಿ, ಬಂದು ನನ್ನ ಪೇಪರಿಗೆ ಹೋಲಿಸುತ್ತಿದ್ದ. ಗಣಪ ಹಾಲು ಕುಡಿಯುತ್ತಾನೆಂಬ ಸುದ್ದಿ ಹಬ್ಬಿದ ದಿನ ಇಡೀ ಪೇಟೆ ಲೋಟ ಹಿಡಿದು ಓಡಿತು. ಸುಳ್ಳೇಕೆ, ನಾನೂ ಓಡಿದೆ. ಎಲ್ಲರೂ ಸೊಂಡಿಲನ್ನು ನೋಡುತ್ತಿದ್ದರೆ ಅಜ್ಜನೊಬ್ಬ ಬಗ್ಗಿ ಪೀಠದ ಬುಡವನ್ನು ನೋಡುತ್ತಿದ್ದ. “ಕುಡುದ್ರೆ ನೆಲ ಯಾಕ್ರಲೇ ಒದ್ದೆ ಐತೆ?” ಎಂದಿದ್ದಕ್ಕೆ ಜನ ಅವನನ್ನು ಹೊರಗೆ ದಬ್ಬಿದರು.

ಇಂಥವನು ಒಂದು ಬೇಸಿಗೆಯಲ್ಲಿ, ಸಂತೆಯಲ್ಲದ ದಿನ, ನನ್ನ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಹಿಂದಿನ ವಾರದ ಪೇಪರು.

“ಇದು ನೀನು ಬರ್ದಿದ್ದಾ?”

ಹೌದು, ನಾನೇ ಬರೆದದ್ದು. ಮೇವಿನ ಕಾವಲಿನ ಅಂಚಿನಲ್ಲಿರುವ ಗೋಕಟ್ಟೆಯ ಹೂಳೆತ್ತುವ ಕೆಲಸ ಮುಗಿದಿದೆ, ದನಕುರಿಗಳಿಗೆ ಇನ್ನು ನೀರಿನ ತೊಂದರೆಯಿಲ್ಲ ಎಂಬ ಸುದ್ದಿ.

“ಹಜಾಮ್ರು ಓದಿದ್ರೂ ಹಂಗೇ ಐತೆ, ಸಾಬ್ರು ಓದಿದ್ರೂ ಹಂಗೇ ಐತೆ. ಅಂದ್ರೆ ತಪ್ಪು ಓದಿದೋರ್ದಲ್ಲ. ನೀನು ಕಟ್ಟೆ ನೋಡಿದ್ಯೇನಪ್ಪಾ?”

“ತಾಲ್ಲೂಕು ಆಫೀಸಿನೋರು ಬರ್ಕೊಟ್ರು ಅಜ್ಜಾ.”

“ಅವ್ರು ನೋಡಿದ್ರಾ?”

“ನೋಡಿರ್ತಾರೆ.”

“ಇರ್ತಾರೆ!” ಅಜ್ಜ ಆ ಮಾತನ್ನು ಉಗಿದಂತೆ ಹೇಳಿದ. “ಒಂದು ಮಂಕರಿ ಮಣ್ಣು ಎತ್ತಿಲ್ಲ ಅಲ್ಲಿ. ಊರೋರು ಆಫೀಸಿಗೆ ಹೋಗಿ ಕೇಳಿದ್ರೆ ನಿನ್ನ ಪೇಪರ್ ತೆಗ್ದು ತೋರಿಸ್ತಾರೆ. ಮುಗುದೈತೆ ಅಂತ ಬಂದೈತಲ್ರಿ ಅಂತಾರೆ. ಮಳೆಗೆ ಮುಂಚೆ ಎತ್ತದಿದ್ರೆ ಮುಂದಿನ ಬ್ಯಾಸಿಗೆಗೆ ನನ್ನ ಕುರಿ ಎಲ್ಲಿ ಬಾಯಿ ಇಡಬೇಕು?”

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ ತಾನೆ? ಈ ಮುದುಕನದೇ ಏನಾದರೂ ಮಸಲತ್ತೋ, ಇವನ ಬೆನ್ನ ಹಿಂದೆ ಯಾರಾದರೂ ಇದ್ದಾರೋ ಎಂದೂ ಅನುಮಾನಿಸಿದೆ. ಹಾಗೆಂದು ಕೇಳಿಯೂಬಿಟ್ಟೆ. ಅಜ್ಜನಿಗೆ ಬೇಸರವಾಗಲಿಲ್ಲ, ಬದಲಿಗೆ ಮೊದಲ ಸಲ ನನ್ನನ್ನು ಮೆಚ್ಚಿಕೊಂಡಂತೆ ನೋಡಿದ.

“ಹಂಗೆ ಕೇಳು. ನನ್ನ ಮಾತೂ ನಂಬಬ್ಯಾಡ. ನಾವು ಮಂದೆ ಹೊರಡಿಸೋಕೆ ಮುಂಚೆ ಮೇವು ನೋಡ್ಕಂಡು ಬಾ ಅಂತ ಒಬ್ಬನ್ನ ಕಳಿಸ್ತೀವಿ. ಅವನು ಬಂದು ಬರೀ ಬಾಯಾಗೆ ಐತೆ ಅಂದ್ರೆ ಒಂದು ಕುರೀನೂ ಎಬ್ಬಿಸಲ್ಲ. ಅಲ್ಲಿಂದ ಒಂದು ಹಿಡಿ ಹುಲ್ಲು ತಂದು ನಮ್ಮ ಕೈಯಾಗೆ ಇಡ್ಬೇಕು. ನೀನು ಏನ್ ತಂದು ಬರ್ದೆ ಹೇಳು.”

ಮರುದಿನ ಬೆಳಗಿನ ಬಸ್ಸಿಗೆ ಅಜ್ಜನ ಜೊತೆ ಹೊರಟೆ. ಇಳಿದ ಮೇಲೆ ಎರಡು ಮೈಲಿ ನಡೆಸಿದ. ಕಟ್ಟೆಯ ಏರಿಯ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಅಷ್ಟೇ ಕೆಲಸ. ಒಳಗೆ ಹೂಳು ಒಣಗಿ, ಹೆಂಚಿನ ಹಾಗೆ ಬಿರಿದಿತ್ತು. ನಡುವೆ ಉಳಿದಿದ್ದ ಒಂದಿಷ್ಟು ಕೆಸರಿನಲ್ಲಿ ಕುರಿಗಳು ಮೂತಿ ಇಟ್ಟು, ಸೀನಿ, ಹಿಂದೆ ಸರಿಯುತ್ತಿದ್ದವು. ಅಜ್ಜ ಕೆಳಗಿಳಿದು ಒಂದು ಹೆಂಟೆ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟ.

“ಹಿಡ್ಕ. ಇದು ನಿನ್ನ ಸುದ್ದಿ.”

ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಆ ಹೆಂಟೆಯನ್ನು ಎಸೆಯುವ ಧೈರ್ಯವಾಗದೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ.

ಹೊಸ ಸುದ್ದಿ ಬರೆದು ಕಳಿಸಿದರೆ ಜಿಲ್ಲಾ ಕಚೇರಿಯ ಸಂಪಾದಕರು ಫೋನಿನಲ್ಲೇ ಕೂಗಾಡಿದರು. “ಹೋದ ವಾರ ಮುಗೀತು ಅಂತ ಬರೆದವನು ನೀನೇ. ಈಗ ಶುರುವೇ ಆಗಿಲ್ಲ ಅಂತೀಯ. ಜನ ನಮ್ಮನ್ನ ನಂಬೋದು ಹೇಗಯ್ಯ?” ನಾನು ತಪ್ಪಾಯಿತೆಂದೆ, ಕಾಡಿದೆ, ಬೇಡಿದೆ. ಕೊನೆಗೆ ಒಳಪುಟದಲ್ಲಿ, ಹಿಂದಿನ ವರದಿ ತಪ್ಪು ಎಂಬ ಒಂದು ಸಾಲಿನ ಸಮೇತ ಹಾಕಿದರು. ಆ ಸಾಲನ್ನು ಅಜ್ಜ ಎರಡಲ್ಲ, ಮೂರು ಕಡೆ ಓದಿಸಿದನಂತೆ. ಊರಿನವರು ಅದನ್ನು ಹಿಡಿದುಕೊಂಡು ಆಫೀಸಿಗೆ ಹೋದರು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಟ್ರ್ಯಾಕ್ಟರುಗಳು ಕಟ್ಟೆಗಿಳಿದವು. “ಕೆಲಸ ಶುರುವಾಯ್ತಂತಲ್ಲ ಅಜ್ಜಾ” ಅಂದರೆ, “ನೋಡಾಣ” ಅಂದ, ಅಷ್ಟೇ.

ಮುಂಗಾರು ಒಂದೆರಡು ಸಲ ಬಿದ್ದ ಮೇಲೆ ಒಂದು ಸಂತೆಯ ದಿನ ಅಜ್ಜ ಬಂದ. ಕಂಬಳಿಯ ಮಡಿಕೆಯಿಂದ ಒಂದು ಹಿಡಿ ಹಸಿ ಹುಲ್ಲು ತೆಗೆದು ನನ್ನ ಪೇಪರುಗಳ ಮೇಲಿಟ್ಟ. ಬೇರಿಗೆ ಒದ್ದೆ ಮಣ್ಣು ಮೆತ್ತಿತ್ತು.

“ಕಟ್ಟೆ ಪಕ್ಕದ್ದು. ಈಗ ಬರಿ.”

ಬರೆದೆ. ಆದರೆ ಹುಲ್ಲು ಎಲ್ಲಿಯದೋ ಯಾರಿಗೆ ಗೊತ್ತು ಎಂದು ಮೊದಲು ಹೋಗಿ ಕಟ್ಟೆ ನೋಡಿಕೊಂಡು ಬಂದೇ ಬರೆದೆ. ಅದು ತಿಳಿದು ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕನೆಂದು ಸಾಬರು ಹೇಳಿದರು. ಅವನು ಹಾಗೆ ನಕ್ಕಿದ್ದನ್ನು ನಾನು ಕಣ್ಣಾರೆ ಕಾಣಲಿಲ್ಲವಲ್ಲ ಎಂಬ ಕೊರಗು ಇವತ್ತಿಗೂ ಇದೆ.

ವರ್ಷಗಳು ಕಳೆದವು. ಮೊಬೈಲು ಬಂತು, ಸುದ್ದಿ ಕಾಲಿಲ್ಲದೆಯೇ ಓಡಾಡತೊಡಗಿತು. ಒಂದು ಬೆಳಿಗ್ಗೆ ಅವನ ಊರಿನಿಂದ ಯಾರೋ ಫೋನ್ ಮಾಡಿ, “ಕುರಿ ಅಜ್ಜ ಹೋದ ಮೇಷ್ಟ್ರೇ” ಅಂದರು. ಸುಳ್ಳಾಗಿರಲಿ, ಸುಳ್ಳಾಗಿರಲಿ ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಮನೆಯ ಮುಂದೆ ಕಂಬಳಿ ಹಾಸಿ ಅಜ್ಜನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮಗಳು ಎಷ್ಟು ಸವರಿದರೂ ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ನಾನು ಅವನ ಕಾಲ ಬಳಿ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ.

ಬರುವ ದಾರಿಯಲ್ಲಿ ಬಸ್ಸಿಳಿದು ಕಟ್ಟೆಯವರೆಗೆ ನಡೆದೆ. ನೀರಿತ್ತು. ಒಂದು ಹಿಡಿ ಹುಲ್ಲು ಕಿತ್ತುಕೊಂಡು ಬಂದು, ಮೇಜಿನ ಮೇಲಿಟ್ಟುಕೊಂಡು, ನಿಧನದ ಕಾಲಮ್ಮಿಗೆ ನಾಲ್ಕು ಸಾಲು ಬರೆದೆ. ಓದಿ ಹೇಳಲು ಜಿಲ್ಲಾ ಕಚೇರಿಗೆ ಫೋನ್ ಮಾಡಿದರೆ, ಅಲ್ಲಿ ಆ ಹೊತ್ತಿಗೆ ಯಾರೋ ಹೊಸ ಹುಡುಗಿ ಇದ್ದಳು. ಸುದ್ದಿ ಬರೆದುಕೊಂಡು, “ಯಾರು ತಿಳಿಸಿದ್ರು ಅಂತ ಹಾಕ್ಕೊಳ್ಳಲಿ ಸಾರ್?” ಎಂದು ಕೇಳಿದಳು.

“ಯಾರೂ ಅಲ್ಲಮ್ಮ,” ಅಂದೆ. “ನಾನೇ ಹೋಗಿ ನೋಡ್ಕೊಂಡು ಬಂದೆ.”