ಮಾಸ್ಟರ ಎರಡು ಎಡತೋಳುಗಳು

ಚೌಕುಳಿ ಬಟ್ಟೆಯಲ್ಲಿ ಕೋಟು ಕತ್ತರಿಸುವುದು ಮಕ್ಕಳಾಟವಲ್ಲ. ಸಾದಾ ಬಟ್ಟೆಯಾದರೆ ಎರಡು ಪದರ ಮಡಿಸಿ ಹಾಸಿ, ಮೇಲೆ ತೋಳಿನ ಆಕಾರದ ರಟ್ಟಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಆಡಿಸಿದರೆ ಸಾಕು, ಎಡತೋಳು ಬಲತೋಳು ಜೋಡಿಯಾಗಿಯೇ ಕೈಗೆ ಬರುತ್ತವೆ. ಚೌಕುಳಿಯಲ್ಲಿ ಗೆರೆಗೆ ಗೆರೆ ಕೂಡಬೇಕು. ಹಾಗಾಗಿ ಒಂದೇ ಪದರ ಹಾಸಿ ಒಂದು ತೋಳು ಕತ್ತರಿಸಿ, ಆಮೇಲೆ ರಟ್ಟನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಗುಚುವುದು ಮರೆತರೆ ಎರಡೂ ಒಂದೇ ಕೈಯ ತೋಳಾಗುತ್ತವೆ. ನಮ್ಮ ಮಾಸ್ಟರು ಮರೆತರು.

ಆ ಗಿರಾಕಿಗೆ ಹುಟ್ಟುವಾಗಲೇ ಎರಡು ಎಡಗೈ ಇದ್ದಿದ್ದರೆ ಕೋಟು ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಪಾಪ, ಅವನು ಎಲ್ಲರ ಹಾಗೆ ಒಂದು ಎಡ, ಒಂದು ಬಲ ಇದ್ದ ಮನುಷ್ಯ. ಬಟ್ಟೆಯನ್ನು ಬೇರೆ ಎಲ್ಲಿಂದಲೋ ಹುಡುಕಿ ತಂದಿದ್ದ. ಹೊಲಿಯುವವನು ಎರಡು ತೋಳನ್ನೂ ಎತ್ತಿ ಹಿಡಿದು ಮಾಸ್ಟರ ಮುಖ ನೋಡಿದ. ಅಂಗಡಿಯ ಮಿಷನ್‌ಗಳು ಒಂದೊಂದಾಗಿ ನಿಂತವು. ಅಂಗಡಿಯ ಯಜಮಾನರು ಮಾಸ್ಟರಿಗೆ ಭಾವ, ಅಂದರೆ ಅಕ್ಕನ ಗಂಡ. ಅವರು ಬಂದು ನೋಡಿದರು. ಗಿರಾಕಿಯನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, ಮಾಸ್ಟರ ಕೈಯಿಂದ ದೊಡ್ಡ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡು, "ಸ್ವಲ್ಪ ದಿನ ಗುಂಡಿ ಹಾಕ್ತಾ ಇರು, ಸುಧಾರಿಸ್ಕೋ" ಅಂದರು. ಬಾಯಿಗೆ ಬಂದ ಹಾಗೆ ಬೈದಿದ್ದರೆ ಮಾಸ್ಟರಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

ಮೀಸೆ ಮೂಡುವ ಮೊದಲೇ ಆ ಮೇಜಿನ ಮುಂದೆ ನಿಂತವರು ಅವರು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಊರಿಗೆಲ್ಲ ಅವರು ಮಾಸ್ಟರೇ. ಮದುವೆ ಯಾಕೆ ಆಗಲಿಲ್ಲ ಎಂದರೆ "ಅಳತೆಗೆ ಯಾರೂ ನಿಲ್ಲಲಿಲ್ಲ" ಎನ್ನುತ್ತಿದ್ದರು. ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಮಂಚ, ಒಂದು ಸ್ಟೌವ್. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಸುತ್ತ ಜನ ಇರುತ್ತಿದ್ದುದರಿಂದ ತಾನು ಒಂಟಿ ಎಂದು ಅವರಿಗೆ ಅನ್ನಿಸಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಕಾಯಿಲೆ ಬಂದದ್ದು ಕಾಲಿನಿಂದ. ಪಾದ ಊದಿ ಚಪ್ಪಲಿ ಬಿಗಿಯಾಯಿತು. ಆಮೇಲೆ ಅಂಗಾತ ಮಲಗಿದರೆ ಉಸಿರು ಕಟ್ಟತೊಡಗಿ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು. ಆಸ್ಪತ್ರೆಯಲ್ಲಿ ಹಾರ್ಟ್ ಫೇಲ್ಯೂರ್ ಅಂದರು. "ಫೇಲಾದ ಮೇಲೂ ನಾನು ಹೇಗೆ ಕೂತಿದ್ದೀನಿ ಡಾಕ್ಟ್ರೇ?" ಎಂದು ಮಾಸ್ಟರು ಕೇಳಿದರು. ಡಾಕ್ಟರಮ್ಮ ನಕ್ಕು, "ನಿಂತಿಲ್ಲ, ಸುಸ್ತಾಗಿದೆ. ಒತ್ತಬೇಕಾದಷ್ಟು ರಕ್ತ ಒತ್ತೋಕೆ ಆಗ್ತಿಲ್ಲ, ಅಷ್ಟೇ" ಅಂದರು. ಮಾತ್ರೆ ಶುರುವಾಯಿತು, ಉಪ್ಪು ಹೋಯಿತು, ಊತ ಇಳಿಯಿತು. ಮಾಸ್ಟರು ಮತ್ತೆ ಮೇಜಿನ ಮುಂದೆ ನಿಂತರು. ನಿಂತ ಮೇಲೆ ಆದದ್ದೇ ಈ ತೋಳಿನ ಕತೆ.

ತೋಳು ಎಲ್ಲರಿಗೂ ಕಂಡಿತು. ಕಾಣದ್ದು ಬೇಕಾದಷ್ಟಿತ್ತು. ಚಹಾಪುಡಿಯನ್ನೇ ಹಾಕದೆ ನೀರು ಕುದಿಸಿ ಸೋಸಿದ್ದು, ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಖಾಲಿ ಲೋಟ ನೋಡುತ್ತ ಕೂತದ್ದು, ಹಳೆಯ ಗಿರಾಕಿಯೊಬ್ಬ ನಗುತ್ತ ಮಾತಾಡಿಸಿದರೆ ಯಾರು ಎಂದು ತಿಳಿಯದೆ ತಾನೂ ಸುಮ್ಮನೆ ನಕ್ಕದ್ದು. ಇದನ್ನೆಲ್ಲ ಮಾಸ್ಟರು ಹೊಟ್ಟೆಯಲ್ಲೇ ಇಟ್ಟುಕೊಂಡರು. ಹೇಳಿಕೊಳ್ಳಲು ಅಕ್ಕನಿದ್ದಳು, ಆದರೆ ಅಕ್ಕನಿಗೆ ಹೇಳಿದರೆ ಭಾವನಿಗೆ ಹೇಳಿದ ಹಾಗೆಯೇ. ಮೇಜಿಗೆ ಆಗಲೇ ಹೊಸ ಕಟರ್ ಒಬ್ಬ ಬಂದಿದ್ದ. ಸದ್ಯಕ್ಕೆ ಎಂದು ಬಂದವನು. ಮಾಸ್ಟರ ತಲೆ ಇನ್ನು ನಿಲ್ಲುವುದಿಲ್ಲ ಎಂದು ಗೊತ್ತಾದರೆ ಅವನು ಕಾಯಂ ಆಗುತ್ತಾನೆ, ಮಾಸ್ಟರು ಸಾಯುವವರೆಗೂ ಗುಂಡಿ ಹಾಕುತ್ತ ಮೂಲೆಯಲ್ಲಿ ಕೂರುತ್ತಾರೆ. ಎದೆ ಕೈಕೊಟ್ಟಾಗ ಆಗದಿದ್ದ ಹೆದರಿಕೆ ಅವರಿಗೆ ಈಗ ಆಯಿತು.

ಕಡೆಗೆ ಬಾಯಿಬಿಟ್ಟದ್ದು ಡಾಕ್ಟರಮ್ಮನ ಮುಂದೆ, ಅದೂ ಬಾಗಿಲು ಹಾಕಿದ ಮೇಲೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಹೃದಯ ಸೋತಾಗ ತಲೆಗೆ ಹೋಗುವ ರಕ್ತವೂ ಕಡಿಮೆಯಾಗಬಹುದು, ನಿದ್ದೆಗೆಟ್ಟ ರಾತ್ರಿಗಳು, ಮನಸ್ಸಿನ ಭಾರ ಎಲ್ಲ ಅದಕ್ಕೆ ಸೇರಿಕೊಳ್ಳುತ್ತವೆ, ಗಮನ ಮತ್ತು ನೆನಪು ಮಂಕಾಗುವುದು ಇಂಥವರಲ್ಲಿ ಹೊಸದೇನಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ, "ಕೆಳಗಡೆ ಹಾಲ್‌ನಲ್ಲಿ ನಮ್ಮ ಹೃದಯದ ಪೇಷಂಟುಗಳಿಗೇ ಯೋಗ ಹೇಳಿಕೊಡ್ತಾರೆ. ಹೋಗಿ ಬನ್ನಿ" ಅಂದರು.

"ಅದರಿಂದ ತಲೆ ಸರಿ ಹೋಗುತ್ತಾ?"

"ಹಾಗಂತ ನಾನು ಹೇಳಲ್ಲ. ಹೃದಯ ಹೊಸದಾಗಲ್ಲ, ಮಾತ್ರೆಯನ್ನಂತೂ ಬಿಡೋ ಹಾಗಿಲ್ಲ. ಉಸಿರು ನಿಧಾನ ಆದ್ರೆ ಕೆಲವರಿಗೆ ನಿದ್ದೆ ಬರುತ್ತೆ, ಗಮನ ನಿಲ್ಲುತ್ತೆ. ನಿಮಗೂ ಆಗಬಹುದು. ನೋಡೋಣ."

ಯೋಗ ಎಂದರೆ ಕಾಲು ಮೇಲೆ ತಲೆ ಕೆಳಗೆ ಎಂದುಕೊಂಡಿದ್ದ ಮಾಸ್ಟರಿಗೆ ಅಲ್ಲಿ ಕಂಡದ್ದು ಗುಂಡಗೆ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಕೂತವರೆಲ್ಲ ಅವರಂಥವರೇ, ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಹುಡುಕುವವರು. ಟೀಚರಮ್ಮ ತೆಳ್ಳಗಿನ ಹೆಣ್ಣುಮಗಳು. ಯಾರನ್ನೂ ಬಗ್ಗಿಸುತ್ತಿರಲಿಲ್ಲ, ಉಸಿರು ಬಿಗಿ ಹಿಡಿಯಲೂ ಬಿಡುತ್ತಿರಲಿಲ್ಲ. "ಎಳ್ಕೊಳ್ಳಿ, ಬಿಡಿ. ಬಿಡೋದು ಇನ್ನೂ ನಿಧಾನ. ಅವಸರ ಯಾಕೆ, ಬಸ್ಸೇನೂ ಹೊರಟಿಲ್ಲ" ಎನ್ನುವಳು. ಪಕ್ಕದ ಕುರ್ಚಿಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರು. ಅವರಿಗೆ ಉಸಿರು ನಿಧಾನವಾದದ್ದೇ ತಡ, ಗೊರಕೆ. "ಇಷ್ಟು ವರ್ಷ ನಿದ್ದೆ ಮಾಡದೇ ಇದ್ದದ್ದೇ ನನ್ನ ಕೆಲಸ ಕಣ್ರೀ, ಬಾಕಿ ತೀರಿಸ್ತಾ ಇದ್ದೀನಿ" ಎಂದು ಎಚ್ಚರವಾದಾಗ ಸಮಜಾಯಿಷಿ ಕೊಡುವರು.

ಮೊದಲ ದಿನವೇ ಮಾಸ್ಟರು ಪೇಚಿಗೆ ಸಿಕ್ಕಿದರು. "ಬಲಗೈ ಮೇಲಕ್ಕೆ" ಎಂದಾಗ ಎಲ್ಲರದೂ ಒಂದು ಕೈ ಎದ್ದರೆ ಇವರದು ಇನ್ನೊಂದು ಎದ್ದಿತು. ಎಡ ಬಲದಲ್ಲೇ ಬದುಕು ಸವೆಸಿದ ಮನುಷ್ಯನಿಗೆ ಎಡ ಬಲ ತಪ್ಪಿತು. ಕಿವಿಯವರೆಗೆ ಬಿಸಿಯಾಯಿತು. ಟೀಚರಮ್ಮ ನಗಲಿಲ್ಲ. "ಕೈ ಎತ್ತೋಕೆ ಮುಂಚೆ ಒಂದು ಉಸಿರು ಪೂರ್ತಿ ಹೊರಗೆ ಬಿಡಿ. ಅಷ್ಟರಲ್ಲಿ ಬಲಗೈ ಎಲ್ಲಿದೆ ಅಂತ ಮನಸ್ಸಲ್ಲೇ ನೋಡ್ಕೊಳ್ಳಿ. ನೋಡಿದ ಮೇಲೆ ಎತ್ತಿ" ಅಂದಳು. ಕಣ್ಣು ಮುಚ್ಚಿ ತನ್ನ ಕೈಯನ್ನು ತಾನೇ ಹುಡುಕುವುದು ಎಂಥ ಹುಚ್ಚು ಎಂದುಕೊಂಡರು ಮಾಸ್ಟರು. ಹುಡುಕಿದರು. ಬಲಗೈ ತೊಡೆಯ ಮೇಲೆ, ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಗಂಟು ಕಟ್ಟಿಕೊಂಡು, ಇದ್ದಲ್ಲೇ ಇತ್ತು.

ಒಂದು ಬೆಳಿಗ್ಗೆ ಡ್ರೈವರು ಬರಲಿಲ್ಲ. ಮರುವಾರವೂ ಬರಲಿಲ್ಲ. ಯಾರೂ ಕೇಳಲಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಟೀಚರಮ್ಮ ಆ ಕುರ್ಚಿಯನ್ನು ಎತ್ತಿ ಗೋಡೆಯ ಪಕ್ಕ ಇಟ್ಟು, ಉಳಿದವನ್ನು ಸ್ವಲ್ಪ ಹತ್ತಿರ ಎಳೆದಳು. ಭ್ರಾಮರಿ ಪ್ರಾಣಾಯಾಮಕ್ಕೆ ಎಲ್ಲರೂ ದುಂಬಿಯ ಹಾಗೆ ಗುಂಯ್ ಎನ್ನುತ್ತಿರುವಾಗ ಮಾಸ್ಟರಿಗೆ ಸ್ವರ ಏಳಲಿಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಮನುಷ್ಯನ ಹೆಸರನ್ನು ತಾನು ಕೇಳಿಯೇ ಇರಲಿಲ್ಲವಲ್ಲ ಎಂದು ಸಂಕಟವಾಯಿತು. ಅಂದು ಕೋಣೆಗೆ ಬಂದು ಮಂಚದ ಮೇಲೆ ಕೂತರೆ ಗೋಡೆ, ಸ್ಟೌವ್, ಬಾಗಿಲ ಹಿಂದಿನ ಅಂಗಿ ಎಲ್ಲ ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿ, ಬದುಕಿನಲ್ಲಿ ಮೊದಲ ಸಲ ಆ ಕೋಣೆ ದೊಡ್ಡದಾಯಿತು. ಮಾತಾಡಲು ಯಾರೂ ಇಲ್ಲದ್ದಕ್ಕೆ, ಕ್ಲಾಸಿನಲ್ಲಿ ಕಲಿತ ಹಾಗೆ ನಿಧಾನವಾಗಿ ಉಸಿರಾಡಿದರು. ದಿನವೂ ಹಾಗೇ ಕೂತು ಉಸಿರಾಡುವುದು ಅಭ್ಯಾಸವಾಯಿತು. ನಿದ್ದೆ ಸ್ವಲ್ಪ ಬರತೊಡಗಿತು. ಮರೆವು ಹೋಯಿತೇ ಎಂದರೆ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ರಜದ ಮಧ್ಯಾಹ್ನ, ಅಕ್ಕ ಕಂಕುಳಲ್ಲಿ ಬಟ್ಟೆಯ ಕಟ್ಟು ಹಿಡಿದು ಅಂಗಡಿಗೆ ಬಂದಳು. ಮಿಷನ್‌ಗಳಿಗೆ ಮುಸುಕು ಹಾಕಿತ್ತು. ಭಾವ ಅರ್ಧ ಎಳೆದ ಷಟರಿನ ಹತ್ತಿರ ಪೇಪರ್ ಹಿಡಿದು ಕೂತಿದ್ದರು.

"ನನಗೊಂದು ಕೋಟು ಆಗಬೇಕು. ನೀನೇ ಕತ್ತರಿಸಬೇಕು" ಅಂದಳು ಅಕ್ಕ. ಬಿಚ್ಚಿದರೆ ಚೌಕುಳಿ.

ಇದು ಕೋಟಲ್ಲ, ಪರೀಕ್ಷೆ ಎಂದು ಮಾಸ್ಟರಿಗೆ ಹೊಳೆಯಲು ತಡವಾಗಲಿಲ್ಲ. ಪೇಪರಿನ ಹಾಳೆ ತಿರುವುವ ಸದ್ದೇ ಬರುತ್ತಿರಲಿಲ್ಲ. ಮಾಸ್ಟರು ಬಟ್ಟೆಯನ್ನು ಮೊಳ ಹಾಕಿ ನೋಡಿದರು. ಅಕ್ಕನ ಮೈಯಳತೆ ಅವರಿಗೆ ಬಾಯಿಪಾಠ. ಬೇಕಾದ್ದಕ್ಕಿಂತ ಬಟ್ಟೆ ಹೆಚ್ಚಿತ್ತು. ಎಷ್ಟು ಹೆಚ್ಚು ಎಂದು ಇನ್ನೊಮ್ಮೆ ನೋಡಿದರು. ಸರಿಯಾಗಿ ಇನ್ನೊಂದು ಜೊತೆ ತೋಳಿಗೆ ಆಗುವಷ್ಟು. ಮಾಸ್ಟರ ಮುಖ ಇಳಿದುಹೋಯಿತು. ತಪ್ಪುತ್ತಾನೆ ಎಂದು ಲೆಕ್ಕ ಹಾಕಿಯೇ ತಂದಿದ್ದಾರೆ. ಬಟ್ಟೆ ಮಡಿಸಿ ಕೊಟ್ಟು ಮೇಲೆ ಹೋಗಿಬಿಡೋಣ ಅನ್ನಿಸಿತು. ಆದರೆ ಭಾವ ಎದ್ದು ಬಂದು ದೊಡ್ಡ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋಗಿದ್ದರು. ಅದನ್ನು ಮುಟ್ಟದೆ ಹೋಗಲು ಕೈ ಕೇಳಲಿಲ್ಲ.

ಬೆನ್ನು, ಎದೆ ಎಲ್ಲ ಸಲೀಸಾಗಿ ಬಂದವು. ಒಂದು ತೋಳೂ ಬಂತು. ಎರಡನೆಯದಕ್ಕೆ ರಟ್ಟಿಟ್ಟು, ಚೌಕಕ್ಕೆ ಚೌಕ ಕೂಡಿಸಿ, ಗೆರೆ ಎಳೆದು, ಕತ್ತರಿಗೆ ಹೆಬ್ಬೆರಳು ತೂರಿಸಿದರು. ಅಲ್ಲಿಗೆ ನಿಂತು ಉಸಿರನ್ನು ಪೂರ್ತಿ ಹೊರಗೆ ಬಿಟ್ಟರು. ಯಾವ ತೋಳು ಇದು ಎಂದು ನೋಡಿಕೊಂಡರು. ತೋಳಿನ ಮುಂದುಗಡೆಯ ತಗ್ಗು ಮೊದಲನೆಯದರಲ್ಲಿ ಯಾವ ಕಡೆ ಇತ್ತೋ ಇದರಲ್ಲೂ ಅದೇ ಕಡೆ ಇತ್ತು. ರಟ್ಟನ್ನು ಮಗುಚಿರಲಿಲ್ಲ. ಗೆರೆಯನ್ನು ಅಂಗೈಯಿಂದ ಒರೆಸಿ, ರಟ್ಟು ಮಗುಚಿ, ಹೊಸ ಗೆರೆ ಎಳೆದು ಕತ್ತರಿಸಿದರು. ಒಂದು ಎಡ, ಒಂದು ಬಲ. ಅಕ್ಕ ಎರಡನ್ನೂ ತನ್ನ ತೋಳಿಗೆ ಹಿಡಿದು ನೋಡಿ, "ಸರಿಯಾಗಿದೆ ಕಣೋ" ಅಂದಳು. ಅವಳಿಗೆ ಒರೆಸಿದ ಗೆರೆ ಕಂಡಿರಲಿಲ್ಲ.

"ಬಟ್ಟೆ ಜಾಸ್ತಿ ತಂದಿದ್ದೀಯಲ್ಲ" ಅಂದರು ಮಾಸ್ಟರು.

ಅಂಗಡಿಯವನು ಹೆಚ್ಚು ಅಳೆದ, ಅಗ್ಗಕ್ಕೆ ಸಿಕ್ಕಿತು, ಏನಾದರೊಂದು ಹೇಳುತ್ತಾಳೆ ಎಂದುಕೊಂಡಿದ್ದರು. ಅಕ್ಕ ಹೇಳಿದ್ದು, "ನೀನು ತಪ್ಪಿದ್ರೆ ಇರಲಿ ಅಂತ ತಂದೆ. ತಪ್ಪಿದ್ರೆ ಮತ್ತೆ ನೀನೇ ಕತ್ತರಿಸಲಿ ಅಂತ."

ಅವಳು ಸುಳ್ಳು ಹೇಳಿದ್ದರೆ ಮಾಸ್ಟರೂ ಸುಳ್ಳಿನಲ್ಲೇ ಕತ್ತರಿ ಎತ್ತಿಕೊಂಡು ನಾಳೆಯಿಂದ ಮೇಜಿನ ಮುಂದೆ ನಿಲ್ಲುತ್ತಿದ್ದರು. ಈಗ ಆಗಲಿಲ್ಲ.

"ಈಗಲೂ ಮಗುಚೋದು ಮರೆತಿದ್ದೆ ಅಕ್ಕ. ಕಡೇ ಗಳಿಗೇಲಿ ಕಂಡಿತು, ಒರೆಸಿದೆ."

ಅಕ್ಕ ತೋಳುಗಳನ್ನು ಮೇಜಿನ ಮೇಲಿಟ್ಟಳು.

"ಅಷ್ಟೇ ಅಲ್ಲ. ಮೊನ್ನೆ ಮೆಟ್ಟಿಲ ನಡುವೆ ನಿಂತುಬಿಟ್ಟೆ. ಹತ್ತುತ್ತಾ ಇದ್ದೆನೋ, ಇಳೀತಾ ಇದ್ದೆನೋ ಗೊತ್ತಾಗಲಿಲ್ಲ."

"ಆಮೇಲೆ?"

"ಅಲ್ಲೇ ಕೂತೆ. ಟೀಚರಮ್ಮ ಹೇಳಿಕೊಟ್ಟ ಹಾಗೆ ಉಸಿರಾಡಿದೆ. ಹೆದರಿಕೆ ಇಳಿದ ಮೇಲೆ ಕೈ ನೋಡ್ಕೊಂಡೆ. ನೀರಿನ ಜಗ್ ಇತ್ತು, ಖಾಲಿ. ಹಾಗಾದ್ರೆ ನೀರು ತರೋಕೆ ಇಳೀತಾ ಇದ್ದೆ ಅಂತ ತಿಳೀತು."

"ನಿಮ್ಮ ಭಾವ ಕೆಳಗೇ ಇದ್ರಲ್ಲೋ. ಒಂದು ಸಲ ಕರೀಬಾರದಾಗಿತ್ತಾ?"

"ಕರೆದಿದ್ರೆ ಕತ್ತರಿ ವಾಪಸ್ ಕೊಡ್ತಿರಲಿಲ್ಲ."

ಷಟರಿನ ಹತ್ತಿರ ಕುರ್ಚಿ ಸರಿದ ಸದ್ದಾಯಿತು. ಭಾವ ಪೇಪರು ಅಲ್ಲೇ ಬಿಟ್ಟು ಮೇಜಿನ ತನಕ ಬಂದರು. ಕತ್ತರಿಯ ಕಡೆ ಕೈ ಚಾಚಿದಾಗ ಮಾಸ್ಟರು ಅದರ ಮೇಲಿದ್ದ ತಮ್ಮ ಕೈಯನ್ನು ತೆಗೆದುಕೊಂಡರು. ಭಾವ ಕತ್ತರಿ ಮುಟ್ಟಲಿಲ್ಲ. ಅದರ ಪಕ್ಕದಲ್ಲಿದ್ದ ತೋಳಿನ ರಟ್ಟನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾಳೆ ಒಂದು ಚೌಕುಳಿ ಇದೆ" ಅಂದರು. "ನೀನೇ ಕತ್ತರಿಸು. ಇದನ್ನ ಮಗುಚೋ ಹೊತ್ತಿಗೆ ನನ್ನ ಕರಿ. ಮೆಟ್ಟಿಲ ಮೇಲಿದ್ರೂ ಕರಿ."

ಕರೀತೀನಿ ಎನ್ನಲು ಮಾಸ್ಟರು ಬಾಯಿ ತೆರೆದರು. ಅಷ್ಟು ತಿಂಗಳಲ್ಲಿ ಒಮ್ಮೆಯೂ ಬಾರದ ಅಳು ಆಗ ಬಂತು. ಅಕ್ಕ ಸ್ಟೂಲು ಎಳೆದು ಅವರ ಪಕ್ಕದಲ್ಲಿ ಕೂತಳು.